ಮುನಿವೆಂಕಟಮ್ಮನ ಕಣ್ಣುಗಳು

ಕೊಟ್ರಪ್ಪ, ವೆಂಕಟಾಚಲ ಇಬ್ಬರೂ ಚಿತ್ರಕಲಾ ಶಾಲೆಯಲ್ಲಿ ಒಟ್ಟಿಗೆ ಕಲಿತವರು. ೧೯೫೮ರಲ್ಲಿ ಯಡಿಯೂರು ಕೆರೆಯ ಹತ್ತಿರ ಒಂದು ಹಂಚಿನ ಶೆಡ್ಡನ್ನು ಜೊತೆಯಾಗಿ ಬಾಡಿಗೆಗೆ ಹಿಡಿದರು. ಶಾಲೆಯಲ್ಲಿ ಮೊದಲ ಬಹುಮಾನ ಪ್ರತಿ ವರ್ಷವೂ ಕೊಟ್ರಪ್ಪನಿಗೇ ಬರುತ್ತಿತ್ತು. ಮುಖ, ಅದರಲ್ಲೂ ಕಣ್ಣು ಬರೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ವೆಂಕಟಾಚಲನೇ ಹಾಗೆನ್ನುತ್ತಿದ್ದ.

ಶೆಡ್ಡಿನ ಮುಂಭಾಗದಲ್ಲಿ ಕೊಟ್ರಪ್ಪ ಫೋಟೋ ನೋಡಿಕೊಂಡು ವರ್ತಕರ ತೀರಿಹೋದ ತಂದೆತಾಯಿಯರನ್ನು ಬರೆದುಕೊಡುತ್ತಿದ್ದ. ವೆಂಕಟಾಚಲ ಒಳಗೆ ಗೋಡೆಯೆತ್ತರದ ಕ್ಯಾನ್ವಾಸ್ ಬಿಗಿದು, ಏಣಿ ಹತ್ತಿ, ಸುತ್ತಮುತ್ತಲ ಜನರ ಬರೀ ಮುಖಗಳನ್ನು ಬರೆಯತೊಡಗಿದ. ಇಂಥದ್ದನ್ನು ಯಾರು ಯಾವ ಗೋಡೆಗೆ ತೂಗುಹಾಕುತ್ತಾರೆ ಎಂದು ಕೊಟ್ರಪ್ಪ ನಗುತ್ತಿದ್ದ.

ಎರಡೇ ವರ್ಷಕ್ಕೆ ಆ ನಗು ನಿಂತಿತು. ವೆಂಕಟಾಚಲನ ಮುಖಗಳ ಬಗ್ಗೆ ಪತ್ರಿಕೆಗಳು ಬರೆದವು. ಶೆಡ್ಡಿನ ಮುಂದೆ ಕಾರುಗಳು ನಿಲ್ಲತೊಡಗಿದವು. ಬಂದವರು ಕೊಟ್ರಪ್ಪನ ಚಿತ್ರಗಳನ್ನು ದಾಟಿಕೊಂಡು ಒಳಕ್ಕೆ ನಡೆಯುತ್ತಿದ್ದರು. ಒಬ್ಬರು ಅವನನ್ನು ಕೆಲಸದವನೆಂದುಕೊಂಡು ಕುಡಿಯಲು ನೀರು ಕೇಳಿದರು. ಕೊಟ್ಟ. ಅಂದೆಲ್ಲ ಬ್ರಷ್ ಹಿಡಿಯಲಾಗಲಿಲ್ಲ. ಗೆಳೆಯ ಬರೆದ ಮೂಗೊಂದರಲ್ಲಿ ತಪ್ಪು ಹುಡುಕುತ್ತಾ ಕೂತ. ತಪ್ಪು ಸಿಕ್ಕಿತು. ಸಮಾಧಾನವಾಗಲಿಲ್ಲ.

ಅಷ್ಟರಲ್ಲಿ ಬೊಂಬಾಯಿಯ ಪ್ರದರ್ಶನಕ್ಕೆ ವೆಂಕಟಾಚಲನಿಗೆ ಕರೆ ಬಂತು. ಅದಕ್ಕಾಗಿ ಅವನು ಬರೆಯುತ್ತಿದ್ದದ್ದು ಮುನಿವೆಂಕಟಮ್ಮನನ್ನು. ಜರಗನಹಳ್ಳಿಯಿಂದ ಸೊಪ್ಪಿನ ಪುಟ್ಟಿ ಹೊತ್ತು ಬರುವ ಮುದುಕಿ. ವ್ಯಾಪಾರ ಮುಗಿಸಿ ದಿನಾ ಒಂದು ಗಂಟೆ ಬಂದು ಕೂರುತ್ತಿದ್ದಳು. ಒಂದು ದಿನ ವೆಂಕಟಾಚಲ ಬಣ್ಣ ತರಲು ಪೇಟೆಗೆ ಹೋಗಿದ್ದಾಗ ಕೊಟ್ರಪ್ಪ ಅವಳನ್ನು ಕರೆದು ತನ್ನ ಚಿತ್ರಗಳನ್ನು ತೋರಿಸಿದ.

“ನೋಡಜ್ಜಿ, ಇವರೆಲ್ಲ ಸತ್ತೋರು. ಬದುಕಿರೋರನ್ನ ಅಷ್ಟು ದೊಡ್ಡದಾಗಿ ಬರೆಸ್ಕೊಂಡ್ರೆ ಆಯಸ್ಸು ಕಮ್ಮಿ ಆಗುತ್ತೆ.”

ಮುದುಕಿ ಪುಟ್ಟಿ ಎತ್ತಿಕೊಂಡು ಹೊರಟುಹೋದಳು. ಮತ್ತೆ ಬರಲಿಲ್ಲ. ಚಿತ್ರದಲ್ಲಿ ಕಣ್ಣುಗಳ ಜಾಗ ಇನ್ನೂ ಖಾಲಿಯಿತ್ತು. ವೆಂಕಟಾಚಲ ಜರಗನಹಳ್ಳಿಗೇ ಹೋಗಿ ಬಂದ; ಅಲ್ಲಿ ಏನಾಯಿತೆಂದು ಹೇಳಲಿಲ್ಲ. ಚಿತ್ರ ಕಳಿಸಲು ಐದು ದಿನ ಉಳಿದಿತ್ತು.

“ಕಣ್ಣು ನೀನು ಬರಿ,” ಎಂದ. “ನೀನೂ ಅವಳನ್ನ ದಿನಾ ನೋಡಿದೀಯ.”

ಕೆಡಿಸಿಬಿಡಬೇಕು ಅಂದುಕೊಂಡೇ ಕೊಟ್ರಪ್ಪ ಏಣಿ ಹತ್ತಿದ. ಕೈ ಅವನ ಮಾತು ಕೇಳಲಿಲ್ಲ. ಮೂರು ದಿನ ಊಟದ ಪರಿವೆಯಿಲ್ಲದೆ ಬರೆದ. ಅಂಥ ಕಣ್ಣುಗಳನ್ನು ಅವನು ಹಿಂದೆಂದೂ ಬರೆದಿರಲಿಲ್ಲ.

ಬೊಂಬಾಯಿಯ ಪತ್ರಿಕೆಗಳು ಆ ಕಣ್ಣುಗಳನ್ನೇ ಹೊಗಳಿದವು, ವೆಂಕಟಾಚಲನ ಹೆಸರಿನಲ್ಲಿ. ಅವನ್ನು ಬರೆದದ್ದು ಗೆಳೆಯನೆಂದು ವೆಂಕಟಾಚಲ ಕೇಳಿದವರಿಗೆಲ್ಲ ಹೇಳಿದ್ದನಂತೆ. ಅದನ್ನು ಯಾರೂ ಅಚ್ಚು ಹಾಕಲಿಲ್ಲ. ಅವನು ಊರಿಗೆ ಬಂದ ದಿನ ಕೊಟ್ರಪ್ಪನಿಗೆ ತಡೆಯಲಾಗಲಿಲ್ಲ.

“ಆ ಅಜ್ಜೀನ ಹೆದರಿಸಿದ್ದು ನಾನು,” ಎಂದ.

“ಗೊತ್ತು. ಜರಗನಹಳ್ಳಿಗೆ ಹೋದಾಗ್ಲೇ ಹೇಳಿದ್ಲು.”

“ಗೊತ್ತಿದ್ದೂ ನನ್ನ ಕೈಗೆ ಕೊಟ್ಯಾ?”

“ಇನ್ಯಾರಿಗೆ ಕೊಡ್ಲಿ? ಅಷ್ಟು ಚೆನ್ನಾಗಿ ಬರೆಯೋರು ಇನ್ಯಾರಿದಾರೆ?”

ಬೈದಿದ್ದರೆ ಕೊಟ್ರಪ್ಪ ಸಹಿಸಿಕೊಳ್ಳುತ್ತಿದ್ದ. ದೊಡ್ಡತನದಲ್ಲೂ ಇವನೇ ಮುಂದೆ ಹೋದನಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು. ಮರುದಿನ ಜರಗನಹಳ್ಳಿಗೆ ಹೋಗಿ, ತಾನು ಹೇಳಿದ್ದು ಸುಳ್ಳೆಂದು ಮುನಿವೆಂಕಟಮ್ಮನಿಗೆ ತಿಳಿಸಿದ. ತಿಂಗಳೊಳಗೆ ಶೆಡ್ಡು ಬಿಟ್ಟು ಶ್ರೀನಗರ ಬಡಾವಣೆಯಲ್ಲಿ ಮನೆ ಮಾಡಿ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾದ. ವೆಂಕಟಾಚಲ ಎರಡು ಸಲ ಹುಡುಕಿಕೊಂಡು ಬಂದರೂ ಕೊಟ್ರಪ್ಪ ಎದುರಿಗೆ ಬರಲಿಲ್ಲ.

೧೯೬೬ರ ಬೇಸಿಗೆ ರಜೆಯಲ್ಲಿ ಕೊಟ್ರಪ್ಪ ಹಜಾರದ ಗೋಡೆಯುದ್ದಕ್ಕೂ ಕ್ಯಾನ್ವಾಸ್ ಬಿಗಿದು, ಹೆಂಡತಿ ಶಿವಬಸಮ್ಮನನ್ನು ಎದುರಿಗೆ ಕೂರಿಸಿ ಬರೆಯತೊಡಗಿದ. ನಲವತ್ತು ದಿನ ಹಿಡಿಯಿತು. ಮುಗಿದ ಮೇಲೆ ಅವಳು ಬಾಗಿಲವರೆಗೂ ಹಿಂದಕ್ಕೆ ಹೋಗಿ ತನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಚೆನ್ನಾಗಿದೆ ಎಂದಳು, ಅವಳ ಕಣ್ಣು ತುಂಬಿತ್ತು.

“ಅವನದಕ್ಕಿಂತ?” ಎಂದು ಕೊಟ್ರಪ್ಪ ಕೇಳಿದ.

ಅವಳು ಒಲೆಯ ಮೇಲಿನ ಅನ್ನ ನೋಡಲು ಒಳಗೆ ಹೋದಳು.