ಗುಡ್ಡದ ಸವತಿ

ಆದಮ್ಮನಿಗೆ ಸವತಿಯೊಬ್ಬಳಿದ್ದಳು. ನಾಲ್ಕು ಕಾಲಿನವಳು, ಬೂದು ಬಣ್ಣದವಳು, ಪಾಮನಕಲ್ಲೂರಿನಾಚೆಯ ಗುಡ್ಡದ ಬಂಡೆಗಳ ನಡುವೆ ಗವಿ ಹಿಡಿದು ನಾಲ್ಕು ಮರಿ ಹಾಕಿದ್ದವಳು. ಊರವರೆಲ್ಲ ತೋಳ ಎನ್ನುತ್ತಿದ್ದರು. ಗಂಡ ಕನಕರಾಯ ಮಾತ್ರ ಬಂಗಾರಿ ಎನ್ನುತ್ತಿದ್ದ.

ಆ ಹೆಸರೇ ಆದಮ್ಮನ ಹೊಟ್ಟೆಗೆ ಬೆಂಕಿ ಇಟ್ಟಿದ್ದು. ಮದುವೆಯಾಗಿ ಹದಿನೆಂಟು ವರ್ಷವಾದರೂ ಈ ಮಹಾರಾಯ ಹೆಂಡತಿಯನ್ನು "ಏ, ಎಲ್ಲಿ ಅದೀ?" ಎಂದು ಕರೆದವನೇ ಹೊರತು ಬಂಗಾರಿ ಬೇಡ, ಬೆಳ್ಳಿ ಅಂತಲೂ ಕರೆದವನಲ್ಲ.

ಕನಕರಾಯ ಹುಟ್ಟಾ ಕುರಿ ಕಾಯುವವನು. ಈ ಸೀಮೆಯಲ್ಲಿ ತೋಳಗಳು ಅಳಿಯುತ್ತಿವೆ, ಉಳಿದಿರುವ ಈ ಒಂದು ಗವಿಯನ್ನಾದರೂ ಕಾಪಾಡಬೇಕು ಎಂದು ಲಿಂಗಸುಗೂರಿನ ಒಂದು ಸಂಸ್ಥೆ ಓಡಾಡುತ್ತಿತ್ತು. ಅಲ್ಲಿಯ ಭಾರತಿ ಎಂಬ ಹುಡುಗಿ ಮೂರು ತಿಂಗಳ ಹಿಂದೆ ಬಂದು, ತೋಳದ ಜಾಡು ಕುರಿಯವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ಇವನನ್ನೇ ಕಾವಲಿಗೆ ಇಟ್ಟು, ಕೊರಳಿಗೊಂದು ದುರ್ಬೀನು ಹಾಕಿ ಹೋದಳು. ಅಂದಿನಿಂದ ಕನಕರಾಯ ಬೆಳಗಾದರೆ ಗುಡ್ಡದೆದುರಿನ ಬೇವಿನ ಮರದ ಕೆಳಗೆ ಕೂರುವವನಾದ. ವಾಸನೆಗೆ ಬೆದರುತ್ತದೆ ಎಂದು ಬೀಡಿಯನ್ನೂ ಬಿಟ್ಟ. ಹೆಂಡತಿ ಹದಿನೆಂಟು ವರ್ಷ ಬಡಿದುಕೊಂಡರೂ ಬಿಡದ ಬೀಡಿ!

"ನಿನ್ನ ಗಂಡ ಈಗ ಗುಡ್ಡಕ್ಕ ಹೋಗಬೇಕಾದ್ರ ತಲಿ ಬಾಚಿಕೊಂಡು ಹೊಂಟಾನಲ್ಲ ಬೇ," ಎಂದು ಪಕ್ಕದ ಮನೆಯ ಗ್ಯಾನಮ್ಮ ನಕ್ಕಳು. ಆದಮ್ಮನೂ ನಕ್ಕಳು. ನಕ್ಕು ಒಳಗೆ ಹೋಗಿ ರೊಟ್ಟಿ ಬಡಿಯುವಾಗ ಕಲ್ಲು ಒಡೆಯುವಂತೆ ಬಡಿದಳು.

ಸಂಜೆ ಉಣ್ಣಲು ಕೂತರೂ ಅದೇ ಪುರಾಣ. "ಇವತ್ತ ಬಂಗಾರಿ ಒಂದ ಮೊಲ ತಂದಿದ್ದಳು. ತಾನು ಬಾಯಿ ಹಾಕಲಿಲ್ಲ ನೋಡು, ಮರಿಗೋಳಿಗೆ ಕೊಟ್ಟು ಬಾಜು ಕುಂತ್ಲು. ಎಂಥಾ ತಾಯಿ!"

"ನಾನೂ ಮೂರು ಹಡದೀನಿ. ನನ್ನ ಬಾಜು ನೀ ಎಂದಾರ ಕುಂತಿದ್ದೀ?"

ಕನಕರಾಯ ತಮಾಷೆಯೆಂದು ನಕ್ಕು ಇನ್ನೊಂದು ರೊಟ್ಟಿ ಕೇಳಿದ.

ಸಂಕ್ರಾಂತಿ ಕಳೆದ ವಾರ ಆದಮ್ಮ ಜ್ವರ ಬಂದು ಎರಡು ದಿನ ಮಲಗಿದಳು. ಗಂಡ ಮುಖ ಸಪ್ಪೆ ಮಾಡಿಕೊಂಡು ಬಂದು ಹತ್ತಿರ ಕೂತ. ಅವಳ ಜೀವ ಹಗುರಾಯಿತು. ಅಷ್ಟರಲ್ಲಿ ಅವನೆಂದ: "ಬಂಗಾರಿ ಯಾಕೋ ಕುಂಟಾಕತ್ತಾಳ. ಮುಳ್ಳು ತುಳದಾಳೋ ಏನೋ."

ಅವತ್ತೇ ಆದಮ್ಮ ತೀರ್ಮಾನಿಸಿಬಿಟ್ಟಳು.

ಕುರಿಯವರ ಮನೆಯ ಹೆಣ್ಣುಮಕ್ಕಳಿಗೆ ತೋಳ ಎಬ್ಬಿಸುವ ಉಪಾಯ ಯಾರೂ ಹೇಳಿಕೊಡಬೇಕಿಲ್ಲ. ಸೆಗಣಿಯ ಒಣ ಕುಳ್ಳಿನ ಮೇಲೆ ಬೇವಿನ ಸೊಪ್ಪು, ಮೇಲಷ್ಟು ಮೆಣಸಿನಕಾಯಿ ಹಾಕಿ, ಗವಿಯ ಬಾಯಲ್ಲಿ ಗಾಳಿ ನೋಡಿ ಹೊಗೆ ಹಿಡಿಯಬೇಕು. ಆಮೇಲೆ ದೂರ ಸರಿದು ನಿಂತರೆ ಸಾಕು, ತಾಯಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಗುಡ್ಡಕ್ಕೆ ಹೋಗುತ್ತದೆ. ಅವಳ ತಾಯಿ ಪೀರಮ್ಮ ಹೀಗೆ ಎಷ್ಟು ಸಲ ಮಾಡಿದ್ದಳೋ. ಯಾವ ಮರಿಯೂ ಸತ್ತಿರಲಿಲ್ಲ. ಇದು ಕೊಲ್ಲುವ ಕೆಲಸವಲ್ಲ, ಮನೆ ಬಿಡಿಸುವ ಕೆಲಸ.

ಶುಕ್ರವಾರ ಕನಕರಾಯ ಮೀಟಿಂಗಿಗೆಂದು ಲಿಂಗಸುಗೂರಿನ ಬಸ್ಸು ಹತ್ತಿದ. ಆದಮ್ಮ ಕುಳ್ಳಿನ ಬುಟ್ಟಿ ಹೊತ್ತು ಗುಡ್ಡ ಹತ್ತಿದಳು. ಹೊಗೆ ಹಿಡಿದು ಬಂಡೆಯ ಮೇಲೆ ಕೂತು ನೋಡಿದಳು. ಹೋಗು, ನಿನ್ನ ದಾರಿ ಹಿಡಿದು ಹೋಗು.

ತೋಳ ಮೊದಲ ಮರಿ ಕಚ್ಚಿಕೊಂಡು ಹೊರಬಿತ್ತು. ಆದಮ್ಮನ ತಾಯಿಯ ಕಾಲದಲ್ಲಿ ಅಲ್ಲಿಂದ ಆಚೆಗೆ ಕುರುಚಲು ಕಾಡಿತ್ತು, ಗುಡ್ಡಕ್ಕೆ ಗುಡ್ಡ ಹತ್ತಿಕೊಂಡಿತ್ತು. ಈಗ ಗುಡ್ಡಗಳು ಕಲ್ಲಿನ ಕ್ವಾರಿಗಳಾಗಿದ್ದವು, ಅಡವಿ ಹತ್ತಿಯ ಹೊಲವಾಗಿತ್ತು. ತೋಳ ಅಲ್ಲಿ ನಿಂತು, ಇಲ್ಲಿ ತಿರುಗಿ, ಬಂದ ದಾರಿಗೇ ಬಂದು, ಕೊನೆಗೆ ಗೌಡರ ಹತ್ತಿ ಹೊಲದ ನಡುವಿನ ಕಲ್ಲುಗುಡ್ಡೆಯ ಸಂದಿಗೆ ಹೊಕ್ಕಿತು. ಅವಸರದ ಮನೆ ಅದು. ಆದಮ್ಮ ಅಷ್ಟು ನೋಡಿ ಇಳಿದು ಬಂದಳು.

ಮರುದಿನ ಗವಿ ಖಾಲಿ ಕಂಡ ಕನಕರಾಯ ಉಣ್ಣಲಿಲ್ಲ. "ನನ್ನ ವಾಸನಿಗೇ ಹೋಗ್ಯಾಳ," ಎಂದು ತನ್ನ ಅಂಗಿಯನ್ನೇ ಮೂಸಿ ನೋಡಿದ. ಎರಡು ದಿನ ಅಡವಿ ಅಲೆದ. ಆದಮ್ಮನಿಗೆ ಸಂತೋಷವೇ ಆಯಿತು. ಅಳಲಿ ಬಿಡು, ಸವತಿ ಹೋದದ್ದಕ್ಕೆ ಯಾರೂ ಸಾಯುವುದಿಲ್ಲ ಎಂದುಕೊಂಡಳು.

ಸೋಮವಾರ ಅದೇ ಗೌಡರ ಹೊಲಕ್ಕೆ ಹತ್ತಿ ಬಿಡಿಸಲು ಹೋದಳು. ಹೊಲದಲ್ಲಿ ಊರಿನ ನಾಸೀರನ ಜೆಸಿಬಿ ನಿಂತಿತ್ತು. ಕಲ್ಲುಗುಡ್ಡೆ ಬಗೆದು ಹೊಲ ಸಪಾಟು ಮಾಡಬೇಕೆಂದು ಗೌಡರ ಹುಕುಂ ಆಗಿತ್ತು. ಮಷೀನಿನ ಸದ್ದಿಗೆ ತಾಯಿ ತೋಳ ಹಾರಿ ಹೊಲದಾಚೆ ಓಡಿತು. ಆದಮ್ಮನ ಕೈಯಲ್ಲಿ ಹತ್ತಿ ಹಾಗೇ ಉಳಿಯಿತು. ಸುಮ್ಮನಿದ್ದರೆ ಇನ್ನರ್ಧ ತಾಸಿನಲ್ಲಿ ಸವತಿಯ ಸಂತಾನವೇ ಮುಗಿಯುತ್ತದೆ, ಕೇಳುವವರೂ ಇಲ್ಲ. ಆಗ ಕಲ್ಲುಗಳೊಳಗಿಂದ ಮರಿಗಳು ಕುಂಯ್‌ಗುಟ್ಟಿದವು. ಆದಮ್ಮ ಓಡಿಹೋಗಿ ಗುಡ್ಡೆಯ ಮೇಲೆ ಕೂತುಬಿಟ್ಟಳು.

"ಏ ಚಿಗವ್ವಾ, ಏಳ್ರೀ ಮ್ಯಾಲ! ಹುಚ್ಚಗಿಚ್ಚ ಹಿಡದೈತೇನು?" ನಾಸೀರ್ ಮಷೀನಿನ ಮೇಲಿಂದ ಕೂಗಿದ.

"ಬೇಕಾದ್ರ ನನ್ನ ಮ್ಯಾಲ ಹಾಯಿಸು. ಒಳಗ ಹಸಗೂಸು ಅದಾವ."

ನಾಸೀರ್ ಮಷೀನು ಆರಿಸಿದ. ಅವಳು ಗಂಡನಿಗೆ ಫೋನ್ ಮಾಡಿ, "ಗೌಡರ ಹೊಲಕ್ಕ ಬಾ. ನಿನ್ನ ಬಂಗಾರಿ ಮರಿ ಇಲ್ಲೇ ಅದಾವ," ಎಂದಳು. ಅವನು ಹಾದಿಯಲ್ಲೇ, ತೋಳ ಹುಡುಕಲು ಊರಿಗೆ ಬಂದಿದ್ದ ಭಾರತಿಗೆ ಸುದ್ದಿ ಮುಟ್ಟಿಸಿ, ಏದುಸಿರು ಬಿಡುತ್ತ ಬಂದು ಸಂದಿಯಲ್ಲಿ ಇಣುಕಿದ. ಮೂರಿದ್ದವು. ಎಲ್ಲಾ ಕಡೆ ಹುಡುಕಿದ. ನಾಲ್ಕನೆಯದು ಇರಲಿಲ್ಲ, ಗುಡ್ಡದಿಂದ ಬರುವ ಹಾದಿಯಲ್ಲೇ ಕಳೆದಿರಬೇಕು.

"ಹೊಗಿ ಹಾಕಿದ್ನಿ," ಎಂದಳು ಆದಮ್ಮ ಮೆಲ್ಲಗೆ. "ಶುಕ್ರವಾರ. ನಾನ."

ಅವನು ತುಟಿ ಬಿಚ್ಚುವ ಮೊದಲೇ ಭಾರತಿಯ ಬೈಕು ಬಂತು. ಅವಳು ಮರಿ ಎಣಿಸಿ, ಗೌಡರೊಂದಿಗೆ ಫೋನಿನಲ್ಲಿ ಮಾತಾಡಿ, ಮರಿ ಬಲಿಯುವವರೆಗೆ ಗುಡ್ಡೆ ಮುಟ್ಟುವುದಿಲ್ಲವೆಂದು ಒಪ್ಪಿಸಿ, ಕನಕರಾಯನ ಕಡೆ ತಿರುಗಿದಳು.

"ಅಂಥಾ ಗವಿ ಬಿಟ್ಟು ಇಲ್ಲಿಗ್ಯಾಕ ಬಂತು?"

"ನಂದ ತಪ್ಪುರಿ," ಎಂದ ಕನಕರಾಯ. "ಬೀಡಿ ಸೇದಕೋತ ಗವಿ ಬಾಯಿಗೇ ಹೋಗಿದ್ನಿರಿ."

ಭಾರತಿಯ ಮುಖ ಇಳಿಯಿತು. "ನಿಮ್ಮನ್ನ ನಂಬಿದ್ದೆ. ಒಂದು ಮರಿ ಹೋಯ್ತಲ್ಲ. ಇನ್ನ ನಿಮ್ಮ ಕೈಯಾಗ ಈ ಕೆಲಸ ಇಡಾಕ ಆಗಂಗಿಲ್ಲ."

ಅವನು ಕೊರಳಿನ ದುರ್ಬೀನು ತೆಗೆದ. ಆದಮ್ಮ ಬೇಡಿಕೊಂಡಿದ್ದೆಲ್ಲ ಆ ಗಳಿಗೆಯಲ್ಲಿ ಅವಳಿಗೆ ಸಿಕ್ಕಿತು. ಬಂಗಾರಿಯನ್ನು ಬಿಟ್ಟುಕೊಟ್ಟು ಗಂಡ ಇವಳ ಮಾನ ಉಳಿಸಿದ್ದ.

"ಸುಳ್ಳುರಿ!" ಎಂದಳು, ಹೊಲದವರೆಲ್ಲ ತಿರುಗುವಷ್ಟು ಜೋರಾಗಿ. "ಆಕಿ ಸಲುವಾಗಿ ಇಂವ ಬೀಡಿ ಬಿಟ್ಟು ಮೂರು ತಿಂಗಳಾತು. ಹೊಗಿ ಹಾಕಿದಾಕಿ ನಾನು."

"ನೀವಾ? ಯಾಕ್ರಿ?"

"ಹೊಟ್ಟಿಕಿಚ್ಚಿಗೆ ರೀ. ಆ ತ್ವಾಳದ ಮ್ಯಾಲ ನನಗ ಹೊಟ್ಟಿಕಿಚ್ಚು."

ನಾಸೀರ್ ಕಿಸಕ್ಕನೆ ನಕ್ಕ. ಕನಕರಾಯನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ದುರ್ಬೀನು ಕೈಯಲ್ಲಿ ಹಿಡಿದು ನಿಂತಿದ್ದ ಆ ಮನುಷ್ಯನಿಗೆ, ಹದಿನೆಂಟು ವರ್ಷದ ಹೆಂಡತಿ ತನ್ನನ್ನು ಇಷ್ಟು ಬಯಸಿದ್ದಳೆಂಬುದು ಈಗಷ್ಟೇ ಗೊತ್ತಾಗುತ್ತಿತ್ತು.