ಸವತಿಯೊಡನೆ ಒಂದು ಹಗಲು

ಇರುಳು ತನ್ನ ನೀಲಾಂಬರದ ಕೊನೆಯ ಸೆರಗನ್ನು ಅಳಿವೆಯ ನೀರಿನಿಂದ ಮೆಲ್ಲಗೆ ಎಳೆದುಕೊಳ್ಳುತ್ತಿದ್ದ ಆ ಮುಂಜಾವದಲ್ಲಿ, ಸಹೃದಯರೇ, ಆಕಾಶ ಎಲ್ಲಿ ಮುಗಿಯಿತು, ಜಲರಾಶಿ ಎಲ್ಲಿ ಆರಂಭವಾಯಿತು ಎಂದು ಬೆರಳಿಟ್ಟು ತೋರಿಸುವ ಧೈರ್ಯ ಯಾವ ಕಣ್ಣಿಗೂ ಇರಲಿಲ್ಲ! ಸುರಿದು ಸುರಿದು ದಣಿದ ಮಳೆ ಆಗಷ್ಟೇ ನಿಂತಿತ್ತು. ದಡದ ಪೊದೆಗಳು ಎಲೆಯ ತುದಿಗೊಂದರಂತೆ ಹನಿಗಳನ್ನು ಹಿಡಿದುಕೊಂಡು, ಬೀಳಿಸಲೋ ಬೇಡವೋ ಎಂಬ ಸಂದಿಗ್ಧದಲ್ಲಿ ನಿಂತಿದ್ದವು. ಬಿಚ್ಚಿದ ಹೆರಳಿನಂತೆ ಬೇರೆಬೇರೆಯಾಗಿ ಹರಿಯುತ್ತಿದ್ದ ಕಾಲುವೆಗಳು ನಡುಗಡ್ಡೆಗಳನ್ನು ಬಳಸಿ, ಮತ್ತೆ ಒಂದುಗೂಡಿ, ದೂರದಲ್ಲಿ ಬೆಳ್ಳಗೆ ಉಸಿರಾಡುತ್ತಿದ್ದ ಕಡಲಿನತ್ತ ಸಾಗುತ್ತಿದ್ದವು... ಗಾಳಿಯಲ್ಲಿ ಉಪ್ಪಿತ್ತು, ಒದ್ದೆ ಮರದ ವಾಸನೆಯಿತ್ತು, ಬಹುಕಾಲದ ಮೇಲೆ ಕದ ತೆರೆದ ಕೋಣೆಗೆ ನುಗ್ಗುವ ಬೆಳಕಿನ ಸಂಭ್ರಮವಿತ್ತು.

ಆ ಬೆಳಕನ್ನು ಸೀಳಿಕೊಂಡು ಪುಟ್ಟ ಬಿಳಿಯ ಮೋಟಾರು ದೋಣಿಯೊಂದು ಹೊರಟಿತ್ತು. ಸ್ಟೀರಿಂಗ್ ಹಿಡಿದು ನಿಂತವನು ಬಡಗಿ. ಊರಿನ ಅರ್ಧ ಮನೆಗಳ ಬಾಗಿಲು, ಕಿಟಕಿಗಳು ಅವನ ಕೈಯಿಂದ ಮೂಡಿದಂಥವು. ಹಿಂದಿನ ಬೆಂಚಿನ ಮೇಲೆ ಬುತ್ತಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತವಳು ಅವನ ಹೆಂಡತಿ, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುವವಳು. ಯಾರೋ ಬೇಡವೆಂದು ಬಿಟ್ಟಿದ್ದ ಆ ದೋಣಿಯನ್ನು ತಂದು, ರಜೆಯ ದಿನಗಳನ್ನೆಲ್ಲ ಅದಕ್ಕೇ ಧಾರೆಯೆರೆದು, ಹಲಗೆಹಲಗೆಯನ್ನೂ ಉಜ್ಜಿ ನುಣುಪು ಮಾಡಿದ ಗಂಡನನ್ನು ಕಂಡು ಅವಳು ಅದಕ್ಕೆ ‘ನನ್ನ ಸವತಿ’ ಎಂದು ಹೆಸರಿಟ್ಟಿದ್ದಳು. ಹೊಸ ಬಣ್ಣ ಬಳಿದಾಗಲೆಲ್ಲ, “ಅವಳಿಗೆ ಮಾತ್ರ ಹೊಸ ಸೀರೆ, ನನಗಿಲ್ಲ!” ಎಂದು ಮುಖ ಊದಿಸುತ್ತಿದ್ದಳು, ಆದರೆ ಹೊರಡುವ ಹೊತ್ತಿಗೆ ಅವನಿಗಿಂತ ಮೊದಲು ಹತ್ತಿ ಕೂರುತ್ತಿದ್ದವಳೂ ಅವಳೇ.

ಆ ನಗುವಿಗೆ ಕಳೆದ ಬೇಸಿಗೆಯಲ್ಲಿ ಕಾರ್ಮೋಡ ಕವಿದಿತ್ತು. ಎಂದಿನಂತೆ ಕೆಲಸದಲ್ಲಿ ಮುಳುಗಿದ್ದ ಅವಳ ಕೈಗೆ ತುರ್ತು ವಿಭಾಗದಿಂದ ಒಂದು ರಕ್ತದ ಸೀಸೆ ಬಂತು. ಅದರ ಮೇಲಿದ್ದ ಹೆಸರು ಗಂಡನದು! ಸಹೋದ್ಯೋಗಿಯೊಬ್ಬಳು ಓಡಿಬಂದು ಸೀಸೆಯನ್ನು ಅವಳ ಕೈಯಿಂದ ಬಿಡಿಸಿಕೊಳ್ಳಬೇಕಾಯಿತು. ಆಮೇಲೆ ಹೃದಯದ ಶಸ್ತ್ರಚಿಕಿತ್ಸೆ, ಹಾಸಿಗೆ, ಗುಳಿಗೆ, ಗೋಡೆ ಹಿಡಿದು ನಡಿಗೆ... ಈಗ ಎಲ್ಲವೂ ಸರಿಯಾಗಿತ್ತು. “ಇನ್ನು ನಿಮ್ಮ ಕೆಲಸ ನೀವು ಮಾಡ್ಕೊಳ್ಳಿ, ದೋಣಿನೂ ನಡೆಸಿ” ಎಂದು ವೈದ್ಯರೇ ಹೇಳಿಯಾಗಿತ್ತು. ಆದರೆ ವೈದ್ಯರು ಹೊಲಿದದ್ದು ಅವನ ಎದೆಯನ್ನು. ಅವಳ ಎದೆಯ ಗಾಯಕ್ಕೆ ಹೊಲಿಗೆ ಹಾಕುವವರು ಯಾರು? ಅವನು ನೀರಿನ ಕೊಡ ಎತ್ತಹೋದರೆ ಕಸಿದುಕೊಳ್ಳುತ್ತಿದ್ದಳು, ಮೆಟ್ಟಿಲೇರಿದರೆ ಬೆನ್ನಹಿಂದೆಯೇ ಏರುತ್ತಿದ್ದಳು. ಕೊನೆಗೆ ತನ್ನಕ್ಕನ ಗಂಡನಿಗೆ ಗುಟ್ಟಾಗಿ ಫೋನು ಮಾಡಿ, “ಭಾವ, ಈ ದೋಣಿ ನೀವೇ ತಗೊಂಡು ಹೋಗಿಬಿಡಿ” ಎಂದೂ ಹೇಳಿದ್ದಳು. ನಾಳೆ ಬೆಳಿಗ್ಗೆ ಭಾವ ಬರುವವನಿದ್ದ. ಇಂದೊಂದು ದಿನ ಗಂಡ ಮನಸಾರೆ ಸುತ್ತಲಿ, ಸಂಜೆ ಹಿಂತಿರುಗುವಾಗ ಹೇಳಿದರಾಯಿತು ಎಂದುಕೊಂಡು ಬಂದಿದ್ದಳು. ಮಡಿಲಲ್ಲಿದ್ದ ಬುತ್ತಿಗಿಂತ ಆ ಮಾತೇ ಭಾರವಾಗಿತ್ತು.

ಅವನಿಗೋ ಇದಾವುದರ ಸುಳಿವೂ ಇಲ್ಲ! ಬಿಡುಗಡೆ ಸಿಕ್ಕ ಹಕ್ಕಿಯಂತೆ ತಿರುವುತಿರುವಿನಲ್ಲೂ ಏನೋ ಒಂದನ್ನು ತೋರಿಸುತ್ತಿದ್ದ. ನೀರಿನ ಅಂಚಿನಲ್ಲಿ ಒಂಟಿಕಾಲಿನ ಮೇಲೆ ನಿಂತ ಬೆಳ್ಳಕ್ಕಿ, ಬಲೆ ಒಣಹಾಕಿದ ಅಂಗಳ, ಹಿತ್ತಲಿನಿಂದಲೇ ಕೈಬೀಸಿದ ಅಪರಿಚಿತ ಅಜ್ಜಿ... ಮಧ್ಯಾಹ್ನ ನಡುಗಡ್ಡೆಯೊಂದರ ನೆರಳಿನಲ್ಲಿ ಊಟ ಮಾಡಿದರು. ಅವನು ಎರಡನೆಯ ಸಲ ಬಡಿಸಿಕೊಂಡಾಗ ಅವಳ ಕಣ್ಣು ತುಂಬಿತು. “ಖಾರಾನಾ?” ಎಂದು ಅವನು ಕೇಳಿದ. “ಹೂಂ” ಎಂದಳು ಅವಳು.

ಊಟವಾಗಿ ದೊಡ್ಡ ಕಾಲುವೆಗೆ ಬಂದಾಗ ಕಡಲಿನ ಇಳಿತ ಆರಂಭವಾಗಿತ್ತು. ನೀರೆಲ್ಲ ಒಂದೇ ಉಸಿರಿನಲ್ಲಿ ಅಳಿವೆಯ ಬಾಯಿಯತ್ತ ಸರಿಯುತ್ತಿತ್ತು. ಇದ್ದಕ್ಕಿದ್ದಂತೆ ಎಂಜಿನ್ನು ಗಂಟಲು ಕಟ್ಟಿದವರಂತೆ ಗೊರಗೊರ ಎಂದು ನಿಂತುಹೋಯಿತು. ನೀರಿನಡಿ ತೇಲುತ್ತಿದ್ದ ಹರಿದ ಬಲೆಯೊಂದು ಅದರ ಪಂಖಕ್ಕೆ ಸುತ್ತಿಕೊಂಡಿತ್ತು! ದೋಣಿ ಅಡ್ಡಡ್ಡಲಾಗಿ ತಿರುಗಿ, ಸೆಳೆತಕ್ಕೆ ಸಿಕ್ಕ ಎಲೆಯಂತೆ ತೇಲತೊಡಗಿತು. ಮುಂದೆ ಮರಳದಿಣ್ಣೆಯ ಮೇಲೆ ಅಲೆಗಳು ಮುರಿದು ಬೀಳುವ ಬಿಳಿಯ ಗೆರೆ ಕಾಣುತ್ತಿತ್ತು.

“ಲಂಗರು!” ಎಂದು ಅವನು ಬಾಗಿದ.

“ನೀವು ಮುಟ್ಟಬೇಡಿ!” ಎಂದು ಅವಳು ಕೂಗಿದಳು. ಅವನ ಕೈಯಿಂದ ಕಸಿದುಕೊಂಡು, ಇದ್ದ ಬಲವನ್ನೆಲ್ಲ ಒಗ್ಗೂಡಿಸಿ ತಾನೇ ಎಸೆದಳು. ಹಗ್ಗ ಅವಳ ಅಂಗೈಯನ್ನು ಸುಡುತ್ತ ಜಾರಿತು. ತಳದ ಕೆಸರಿನಲ್ಲಿ ಲಂಗರು ಕಚ್ಚಲಿಲ್ಲ. ದೋಣಿಯ ಹಿಂದೆ ಉಳುತ್ತ ಬಂತು. ಅಲೆಗಳ ಮೊರೆತ ಕಿವಿಗೆ ಬಡಿಯಿತು. ಅವಳು ಹಗ್ಗವನ್ನು ದೋಣಿಯಂಚಿನ ಕಟ್ಟುಗೂಟಕ್ಕೆ ಸುತ್ತಲು ಹೆಣಗಿದಳು, ಆಗಲಿಲ್ಲ... ಆಗಲೇ ಇಲ್ಲ.

ಅವನು ಗದರಲಿಲ್ಲ. ಹತ್ತಿರ ಬಂದು ಅವಳ ಕೈಗಳ ಪಕ್ಕದಲ್ಲೇ ತನ್ನ ಕೈಗಳನ್ನಿಟ್ಟ. “ಒಬ್ಬಳ ಕೈಲಿ ಆಗಲ್ಲ ಕಣೇ. ಇನ್ನಷ್ಟು ಹಗ್ಗ ಬಿಟ್ರೆ ಲಂಗರು ಕಚ್ಚುತ್ತೆ, ಆಮೇಲೆ ಇಬ್ಬರೂ ಎಳೆಯೋಣ.”

ಅವಳು ಅವನ ಎದೆಯನ್ನೊಮ್ಮೆ ನೋಡಿದಳು, ಆ ಬಿಳಿಯ ಗೆರೆಯನ್ನೊಮ್ಮೆ ನೋಡಿದಳು. ಆಮೇಲೆ, ತುಟಿ ಕಚ್ಚಿ ಹಿಡಿದು, ಹಗ್ಗದ ಮೇಲೆ ಅವನಿಗೆ ಜಾಗ ಬಿಟ್ಟುಕೊಟ್ಟಳು. ಹಗ್ಗ ಉದ್ದುದ್ದ ಜಾರಿ ನೀರಿಗಿಳಿಯಿತು. ಇಬ್ಬರೂ ಕಾಲೂರಿ ಎಳೆದರು. ಒಂದು ಜಗ್ಗು... ದೋಣಿ ನಡುಗಿತು, ಮೂತಿಯನ್ನು ಪ್ರವಾಹಕ್ಕೆ ತಿರುಗಿಸಿತು, ನಿಂತಿತು! ಅವನು ಹಗ್ಗವನ್ನು ಗೂಟಕ್ಕೆ ಬಿಗಿದು ಎಂಜಿನ್ನನ್ನು ಮೇಲಕ್ಕೆ ವಾಲಿಸಿದ. ಹಗುರವಾಗಿದ್ದ ಅವಳು ಚಾಕು ಹಿಡಿದು ದೋಣಿಯ ಹಿಂಬದಿಗೆ ಬಾಗಿದಳು. ಅವಳ ನಡುವನ್ನು ಅವನು ಎರಡೂ ತೋಳುಗಳಿಂದ ಬಳಸಿ ಹಿಡಿದಿದ್ದ. ಬಲೆಯ ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತ ಹೋದಂತೆ, ಆ ಹಿಡಿತ ಒಮ್ಮೆಯೂ ಸಡಿಲವಾಗಲಿಲ್ಲವೆಂಬುದು ಅವಳ ಮೈಗೆ ಮೊದಲು ತಿಳಿಯಿತು, ಮನಸ್ಸಿಗೆ ಆಮೇಲೆ.

ಕೊನೆಯ ಎಳೆ ಬಿಟ್ಟಾಗ ಇಬ್ಬರೂ ದೋಣಿಯ ತಳದಲ್ಲೇ ಕುಸಿದು ಕುಳಿತರು. ಅವನು ಏದುಸಿರು ಬಿಡುತ್ತಿದ್ದ. ಅವಳು ತಟ್ಟನೆ ಅವನ ಮಣಿಕಟ್ಟು ಹಿಡಿದಳು. ನಾಡಿ ಓಡುತ್ತಿತ್ತು. ಅವಳು ಕಾದಳು... ಮಳೆ ನಿಂತ ಮೇಲೆ ಸೂರಿನ ಹನಿಗಳು ನಿಧಾನವಾಗುವಂತೆ ಅದೂ ನಿಧಾನವಾಯಿತು. ಮುಖ ಕೆಂಪಾಗಿತ್ತು, ತುಟಿ ನೀಲಿಯಾಗಿರಲಿಲ್ಲ. ಕೆಲಸ ಮಾಡಿ ದಣಿದ ಗಂಡಸು ಹೇಗಿರಬೇಕೋ ಹಾಗಿದ್ದ, ಅಷ್ಟೇ!

“ನಾಡಿ ನೋಡ್ತಿದ್ದೀಯೋ, ಕೈ ಹಿಡ್ಕೊಂಡಿದ್ದೀಯೋ?” ಎಂದು ಅವನು ನಕ್ಕ.

“ಇಷ್ಟು ಹೊತ್ತು ನಾಡಿ ನೋಡ್ತಿದ್ದೆ” ಎಂದಳು ಅವಳು. ಕೈ ಬಿಡಲಿಲ್ಲ. ಕಟ್ಟೆಯೊಡೆದ ಹಾಗೆ ಅಳು ಬಂತು. ಅಳುವಿನ ಜೊತೆಗೇ ಮಾತೂ ಬಂತು. “ರೀ, ಈ ದೋಣೀನ ಭಾವನಿಗೆ ಕೊಡ್ತೀನಿ ಅಂದಿದ್ದೀನಿ. ನಾಳೆ ಬರ್ತಾರೆ. ನಿಮ್ಮನ್ನ ಒಂದು ಮಾತೂ ಕೇಳಲಿಲ್ಲ. ಹೆದರಿಕೆ ಆಗಿತ್ತು ರೀ...”

ಅವನ ಮುಖ ಕ್ಷಣಕಾಲ ಕಂದಿತು. “ನಂಗೂ ಹೆದರಿಕೆ ಇತ್ತು” ಎಂದ ಮೆಲ್ಲಗೆ. “ಹೋಗಿಬಿಡ್ತೀನಿ ಅಂತಲ್ಲ. ಉಳ್ಕೊಂಡ್ರೂ ನೀನು ನನ್ನ ಯಾವತ್ತೂ ರೋಗಿ ಥರಾನೇ ನೋಡ್ತೀಯೇನೋ ಅಂತ.” ಆಮೇಲೆ ತುಟಿಯಂಚಿನಲ್ಲಿ ನಗೆ ಮೂಡಿತು. “ಅಂತೂ ಸವತೀನ ಮನೆ ಬಿಡಿಸೋಕೆ ಹೊರಟಿದ್ದೆ ಅನ್ನು!”

ಅಳುತ್ತಲೇ ನಕ್ಕಳು ಅವಳು. ಸೆರಗಿನಿಂದ ಮುಖ ಒರೆಸಿಕೊಂಡು, ಅಲ್ಲೇ, ಆಗಲೇ ಭಾವನಿಗೆ ಫೋನು ಮಾಡಿದಳು. “ಭಾವ, ದೋಣಿ ಕೊಡೋದಿಲ್ಲ. ತಪ್ಪು ತಿಳ್ಕೋಬೇಡಿ. ಅಕ್ಕನ್ನ ಕರ್ಕೊಂಡು ಊಟಕ್ಕೆ ಬನ್ನಿ.”

“ನಾನು ಮೊದಲೇ ನಿಮ್ಮಕ್ಕಂಗೆ ಹೇಳಿದ್ದೆ, ಇದು ಆಗೋಹೋಗೋ ಮಾತಲ್ಲ ಅಂತ” ಎಂದಿತು ಆ ಕಡೆಯ ದನಿ. “ಊಟ ಮಾತ್ರ ರದ್ದು ಮಾಡ್ಬೇಡಮ್ಮ!”

ಇಳಿಬಿಸಿಲಿನಲ್ಲಿ ದೋಣಿ ಹಿಂದಿರುಗಿತು. ಹೊನ್ನು ಕರಗಿಸಿ ಸುರಿದಂತಿದ್ದ ಕಾಲುವೆಯ ಮೇಲೆ ಎಂಜಿನ್ನಿನ ಏಕನಾದ ಹರಡಿತ್ತು. ಸ್ವಲ್ಪ ದೂರ ಸಾಗಿ ಅವನು ಏನನ್ನೋ ತೋರಿಸಲೆಂದು ಹಿಂದಿರುಗಿ ನೋಡಿದರೆ, ಬೆಂಚಿನ ಮೇಲೆ ಕಾಲು ಮಡಚಿ, ಖಾಲಿ ಚೀಲವನ್ನೇ ತಲೆದಿಂಬು ಮಾಡಿಕೊಂಡು ಅವಳು ಗಾಢನಿದ್ರೆಯಲ್ಲಿದ್ದಳು! ಅವನು ವೇಗವನ್ನು ತಗ್ಗಿಸಿದ. ಊರಿನ ದೋಣಿಕಟ್ಟೆ ಹತ್ತಿರವಾದರೂ ನಿಲ್ಲಿಸದೆ, ದಡದುದ್ದಕ್ಕೂ ಮತ್ತೊಂದು ಸುತ್ತು ಹೊರಟ.

ಸಹೃದಯರೇ, ಪ್ರೀತಿಸಿದವರನ್ನು ಕಾಯುತ್ತ ಎಚ್ಚರವಾಗಿರುವುದು ಎಷ್ಟು ಮಧುರ, ಎಷ್ಟು ಕಠೋರ! ಆ ಜಾಗರಣೆಯಲ್ಲಿ ಎಷ್ಟೋ ಜೀವಗಳು ತಮಗರಿವಿಲ್ಲದೆಯೇ ಬಾಡಿಹೋಗುತ್ತವೆ. ಆದರೆ ಎಂದೋ ಒಂದು ಸಂಜೆ, ಯಾರನ್ನು ಕಾಯುತ್ತಿದ್ದೆವೋ ಅವರ ಕೈಗೇ ದಾರಿಯನ್ನೂ ನಮ್ಮನ್ನೂ ಒಪ್ಪಿಸಿ ಕಣ್ಣು ಮುಚ್ಚುವ ಗಳಿಗೆ ಒದಗಿಬಂದರೆ... ಆ ನಿದ್ದೆಯ ತಂಪನ್ನು ವರ್ಣಿಸುವ ಮಾತು ನನ್ನಲ್ಲಿಲ್ಲ. ಅದನ್ನು ಕಂಡವನು, ನಿಧಾನವಾಗಿ ದೋಣಿ ನಡೆಸುತ್ತಿದ್ದ ಅವನೊಬ್ಬನೇ.