ಎರಡರಿಂದ ಎಂಟು ಡಿಗ್ರಿ
ತೊಡೆಯ ಮೇಲಿನ ಡಬ್ಬಿ ತಣ್ಣಗಿದೆ, ಈಗ ತಣ್ಣಗಿದ್ದು ಏನು ಬಂತು, ಬಸ್ಸು ಹಿಡಕಲ್ ದಾಟುತ್ತಿದೆ, ಮುಂದಿನ ಕಬ್ಬಿನ ಟ್ರ್ಯಾಕ್ಟರ್ ದಾರಿ ಬಿಡುವ ಲಕ್ಷಣವಿಲ್ಲ, ಹತ್ತಕ್ಕೆ ಹುಕ್ಕೇರಿಯ ಲ್ಯಾಬಿನಲ್ಲಿರಬೇಕು, ಅಷ್ಟೊತ್ತಿಗೆ ನರ್ಸ್ ಪೂನಮ್ ಹನ್ನೆರಡು ಮಂದಿಯ ರಕ್ತ ತೆಗೆದಿರುತ್ತಾಳೆ, ಕಬ್ಬು ಕಡಿಯುವವರು, ಇವತ್ತಿನ ಕೆಲಸ ಬಿಟ್ಟು ತೋಳು ಚಾಚಿದವರು, ಸಂಜೆಯೊಳಗೆ ಪರೀಕ್ಷಿಸದಿದ್ದರೆ ಆ ರಕ್ತವೂ ಕೆಟ್ಟಿತು— ಶ್ರದ್ಧಾ ಮತ್ತೊಮ್ಮೆ ಮುಚ್ಚಳ ಒತ್ತಿದಳು. ಒಳಗೆ ಬೆರಳುದ್ದವೂ ಇಲ್ಲದ ಶೀಶೆ, ಅದರಲ್ಲಿ ನಾಲ್ಕು ಹನಿ ಆ್ಯಂಟಿಬಾಡಿ, ರೋಗಾಣು ಬಂದರೆ ಮೊದಲು ಗುರುತು ಹಿಡಿಯುವ ರಿಸೆಪ್ಟರ್ ರಕ್ತಕಣದ ಮೈಮೇಲೆ ಎಷ್ಟಿದೆ ಎಂದು ತೋರಿಸುವಂಥದ್ದು, ಅದೊಂದಕ್ಕೇ ಅಂಟಿ ಹೊಳೆಯುತ್ತದೆ, ನಾಲ್ಕು ತಿಂಗಳು ಕಾದು ತರಿಸಿದ್ದು, ಎರಡರಿಂದ ಎಂಟು ಡಿಗ್ರಿ, ಅಷ್ಟೇ ಅದರ ಹಟ. ಶನಿವಾರ ಲ್ಯಾಬಿನ ಫ್ರಿಜ್ ಕೈಕೊಟ್ಟಿತು, ಪಿಎಚ್‌ಡಿ ಗೈಡ್ ಕಾಶಿನಾಥ ಸರ್ ಅಂದರು, ನಿಮ್ಮ ಮನ್ಯಾಗ ಫ್ರಿಜ್ ಐತಲ್ಲ, ಒಯ್ದು ಸೋಮವಾರ ತಗೊಂಡ ಬಾರವಾ.

ಕೊಣ್ಣೂರಿನ ಮನೆಯಲ್ಲಿ ಅವ್ವ ಪದ್ಮವ್ವ ಸುಮ್ಮನೆ ಕೇಳಿದಳು, ಯಾತರಿಂದ ಮಾಡ್ಯಾರ ಇದನ್ನ, ಔಷಧ ಅಂದುಬಿಡಬಹುದಿತ್ತು, ಬಾಯಿ ಸುಮ್ಮನಿರಲಿಲ್ಲ, ಇಲಿದವ್ವಾ, ಒಂದ ಇಲಿದು, ಅದು ಸತ್ತು ಭಾಳ ವರ್ಷ ಆತು, ಅದರ ಕಣ ಮಾತ್ರ ಕಂಪನಿಯವರ ಬಾಟ್ಲ್ಯಾಗ ಇನ್ನೂ ಬೆಳಕೋಂತ ಅದಾವು, ಇದು ಅವು ಬಿಟ್ಟ ರಸ. ಪದ್ಮವ್ವ ಶೀಶೆಯನ್ನು ಕಣ್ಣ ಹತ್ತಿರ ತಂದಳು. ಅಂದ್ರ ಅದಕ್ಕಿನ್ನೂ ಬಿಡುಗಡಿ ಇಲ್ಲ ಅನ್ನು. ಇಂದು ಬೆಳಿಗ್ಗೆ ಫ್ರಿಜ್ ತೆರೆದರೆ ಶೀಶೆ ಇಲ್ಲ, ಅಭಿಷೇಕದ ಹಾಲಿನ ಗಿಂಡಿ ಮಾತ್ರ. ಬಸದಿಗೆ ಹೋಗೋ ಹಾಲಿನ ಬಾಜೂಕ ಅದನ್ನ ಹೆಂಗ ಇಡ್ಲಿ, ನಿನ್ನೆ ಮುಂಜಾನಿ ಹಾಲು ಬಂದಾಗ ತಗದೆ, ಚೆಲ್ಲಿಲ್ಲ ನೋಡು, ತಂಪ ಇರಬೇಕಂದಿದ್ದಿ, ನೀರಿನ ಗಡಗಿ ಬುಡಕ ಹಸಿ ಉಸುಕಿನ್ಯಾಗ ಇಟ್ಟೇನಿ, ನಾಕ ಸಲ ಅರಿವಿ ತೋಯಿಸೇನಿ. ಅಡುಗೆಮನೆಯ ಮೂಲೆ, ಉಸುಕಿನಲ್ಲಿ ಒದ್ದೆ ಬಟ್ಟೆಯ ಸಣ್ಣ ಗಂಟು. ಸಿಟ್ಟು ನೆತ್ತಿಗೇರಿತ್ತು, ಬೈಯಲು ಬಾಯಿ ತೆರೆದಿದ್ದಳು, ಬಸ್ಸಿಗೆ ಹೊತ್ತಾಗಿತ್ತು, ಗಂಟು ಬಿಚ್ಚದೆ ಹಾಗೇ ಮಂಜುಗಡ್ಡೆಯ ನಡುವೆ ತುರುಕಿದ್ದಳು.

ಪೂರಾ ಒಂದು ದಿನ, ಕೆಟ್ಟಿರಬಹುದು, ಕೆಡದೆಯೂ ಇರಬಹುದು, ಅರ್ಧ ಕೆಟ್ಟಿದ್ದರೆ ಅದೇ ಮೋಸ, ಹೊಳಪು ಕಡಿಮೆ ಬೀಳುತ್ತದೆ, ಈ ಹನ್ನೆರಡು ಮಂದಿಯ ರಕ್ತಕ್ಕೇ ಬಲವಿಲ್ಲ ಎಂದು ಶ್ರದ್ಧಾ ಪ್ರಬಂಧದಲ್ಲಿ ಬರೆಯುತ್ತಾಳೆ, ಹೆಸರಿನ ಮುಂದೆ ಡಾಕ್ಟರ್ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಹೇಳಿದರೆ ಅಷ್ಟೂ ರಕ್ತ ಚೆಲ್ಲಬೇಕು, ಮತ್ತೆ ನಾಲ್ಕು ತಿಂಗಳು, ಮತ್ತೆ ಅವರ ತೋಳು— ಹುಕ್ಕೇರಿ ಬಂದೇಬಿಟ್ಟಿತು, ಲ್ಯಾಬಿನ ಬಾಗಿಲಲ್ಲೇ ಸರ್ ಕೈ ಚಾಚಿದ್ದಾರೆ, ತಂಪನ್ಯಾಗ ಇಟ್ಟಿದ್ದಿ ಹೌದಲ್ಲ, ಹೌದ್ರಿ ಸರ್, ಅಂದಾಯಿತು, ಪೂರಾ ಸುಳ್ಳೇನೂ ಅಲ್ಲ, ಅವರು ಗಂಟು ಎತ್ತಿ ಬೆಳಕಿಗೆ ಹಿಡಿದರು, ಇದೇನವಾ ಅರಿವಿ, ಬಿಳಿ ಬಟ್ಟೆ, ಅಂಚಿಗೆ ಕೆಂಪು ದಾರದ ಹೊಲಿಗೆ, ಅವ್ವ ಮಡಿಯಲ್ಲಿ ಒಗೆದು ಬೇರೆ ತಂತಿಯ ಮೇಲೆ ಒಣಹಾಕುವುದು, ಮನೆಯಲ್ಲಿ ಇನ್ಯಾರೂ ಮುಟ್ಟುವಂತಿಲ್ಲ, ಅಭಿಷೇಕದ ಗಿಂಡಿಗೆ ಮುಚ್ಚುವ ಬಟ್ಟೆ, ಆ ಇಲಿಗೆ ಹೊದಿಸಿದ್ದಾಳೆ. ಒಂದ ದಿನ ಹೊರಗಿತ್ರಿ ಸರ್, ಉಸುಕಿನ್ಯಾಗ, ಹೇಳುತ್ತಿರುವುದು ತನ್ನದೇ ದನಿ, ಸರ್ ಏನೋ ಕೇಳುತ್ತಿದ್ದಾರೆ, ಪೂನಮ್ ಟ್ರೇ ಹಿಡಿದು ನಿಂತಿದ್ದಾಳೆ, ಕಿವಿಯಲ್ಲಿ ಅವ್ವನ ದನಿ, ನಾಕ ಸಲ ತೋಯಿಸೇನಿ, ಹಸಿ ಉಸುಕು, ಕೆಂಪು ದಾರ, ಹಾಲಿನ ಬಟ್ಟೆ, ಹಾಲಿನ ಬಟ್ಟೆ.